ಕ್ಯಾಬಿನೆಟ್‌ಗೆ ಕೂರಿಸುವ ಮುಂಚೆ ರಟ್ಟಿನ ಮೇಲೆ ಒಮ್ಮೆ ಓಡಿಸಿ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಲ್ಲೇ ಪಿಸಿ ಜೋಡಿಸುವವರಿಗೆ ಸಾಮಾನು ಒಟ್ಟಿಗೆ ಬರುವುದು ಅಪರೂಪ. ಮದರ್‌ಬೋರ್ಡು ಈ ವಾರ, ಪ್ರೊಸೆಸರ್ ಮುಂದಿನ ವಾರ, ಎಲ್ಲಕ್ಕೂ ಕರೆಂಟು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮಾತ್ರ ಶಿವಮೊಗ್ಗಕ್ಕೆ ಹೋದಾಗ ಅಂಗಡಿಯಲ್ಲೇ ಕೊಂಡದ್ದು. ಎಲ್ಲ ಬಂದು ಸೇರಲಿ ಎಂದು ಪಾರ್ಸೆಲ್ಲುಗಳನ್ನು ಅಟ್ಟದ ಮೇಲೆ ಪೇರಿಸಿಟ್ಟು ಕಾಯುವುದೇ ಮೊದಲ ತಪ್ಪು. ವಾಪಸಾತಿಯ ಗಡುವು ಒಂದೊಂದು ವಸ್ತುವಿಗೂ ಅದು ಕೈಗೆ ಬಂದ ದಿನದಿಂದಲೇ ಓಡತೊಡಗುತ್ತದೆ, ಪಿಸಿ ಜೋಡಿಸಿದ ದಿನದಿಂದಲ್ಲ. ಕೊನೆಯ ಡಬ್ಬ ಬರುವ ಹೊತ್ತಿಗೆ ಮೊದಲನೆಯದರ ಗಡುವು ಮುಗಿದಿರುತ್ತದೆ.

ಎರಡನೆಯ ತಪ್ಪು, ಎಲ್ಲವನ್ನೂ ಒಂದೇ ಸಲ ಕ್ಯಾಬಿನೆಟ್‌ಗೆ ಬಿಗಿದು, ವೈರುಗಳನ್ನು ಚೆಂದವಾಗಿ ಕಟ್ಟಿ, ಆಮೇಲೆ ಬಟನ್ ಒತ್ತುವುದು. ಹೊತ್ತಿಕೊಳ್ಳದಿದ್ದರೆ ಏಳೆಂಟು ಭಾಗಗಳಲ್ಲಿ ಯಾವುದರ ಮೇಲೆ ಅನುಮಾನ ಪಡುವುದು? ಆದ್ದರಿಂದ ಬಂದದ್ದನ್ನು ಬಂದ ಹಾಗೆ ನೋಡಿ. ಬೋರ್ಡು, ಕೂಲರ್ ಸಮೇತ ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಈ ನಾಲ್ಕು ಕೈಗೆ ಸಿಕ್ಕ ದಿನವೇ ರಟ್ಟಿನ ಮೇಲಿಟ್ಟು ಓಡಿಸಿ. ಮಿಕ್ಕವನ್ನು ಒಂದೊಂದಾಗಿ ಸೇರಿಸಿ. ಒಂದು ಸಲಕ್ಕೆ ಒಂದೇ. ಹೀಗೆ ಮಾಡಿದರೆ ಕೆಟ್ಟದ್ದು ಯಾವುದು ಎಂದು ಹುಡುಕುವ ಪ್ರಮೇಯವೇ ಬರುವುದಿಲ್ಲ. ಕಡೆಗೆ ಸೇರಿಸಿದ್ದು ಯಾವುದೋ ಅದೇ.

ಪಾರ್ಸೆಲ್ ಬಿಚ್ಚುವಾಗ

ಮಳೆಗಾಲದಲ್ಲಿ ಡಬ್ಬ ನೆನೆದೇ ಬರುತ್ತದೆ ಎಂದುಕೊಳ್ಳಿ. ಬಂದ ಕೂಡಲೇ ಬಿಚ್ಚಬೇಡಿ. ಮೂರು ನಾಲ್ಕು ಗಂಟೆ ಒಳಗಿನ ಕೋಣೆಯಲ್ಲಿ ಇಟ್ಟು, ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿರುವ ಲೋಹಕ್ಕೆ ತೇವದ ಗಾಳಿ ತಾಗಿದರೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಬೇಗ ಒಣಗಲಿ ಎಂದು ಬಚ್ಚಲೊಲೆಯ ಪಕ್ಕವೋ ಅಡಿಗೆಮನೆಯಲ್ಲೋ ಇಡಬೇಡಿ, ಮಸಿ ಮತ್ತು ಜಿಡ್ಡು ತೇವಕ್ಕಿಂತ ಕೆಟ್ಟವು. ಫ್ಯಾನಿನ ಗಾಳಿ ಸಾಕು.

ಬಿಚ್ಚುವುದನ್ನು ಸೀಲ್ ಕಾಣುವಲ್ಲಿಂದ ಶುರುಮಾಡಿ, ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರೂ ವಸ್ತುವಿನ ಮೇಲಿನದೂ ಒಂದೇ ಇದೆಯೇ ಎಂದು ಅದರಲ್ಲೇ ತೋರಿಸಿ. ಕೂಡಲೇ ಪರೀಕ್ಷಿಸಲು ಆಗದ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಅದರದೇ ಕವರಿನಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಆಷಾಢದಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಬೋರ್ಡಿನ ತಾಮ್ರವೂ ಸುಮ್ಮನಿರುವುದಿಲ್ಲ.

ಮೊದಲು ಗೋಡೆಯ ಸಾಕೆಟ್ಟು

ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ನಮ್ಮ ಕಡೆ ಬಿಡಲೇಬಾರದ್ದು ಇದು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಅರ್ಥಿಂಗಿನದಾದ ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಇದ್ದರೂ, ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್ ಬೇಸಿಗೆಯಲ್ಲಿ ಗುಂಡಿ ಒಣಗಿದಾಗ ದುರ್ಬಲವಾಗುತ್ತದೆ. ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು ಎಸಿಯ ದೊಡ್ಡ ರೇಂಜಿಗೆ, ಸಾದಾ ಮೀಟರುಗಳಲ್ಲಿ 600 ಅಥವಾ 750 ವೋಲ್ಟಿಗೆ, ತಿರುಗಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಫೇಸ್‌ನಿಂದ ಅರ್ಥ್‌ಗೆ ನೂರರ ಹತ್ತಿರವೋ ಅದಕ್ಕೂ ಕಡಿಮೆಯೋ ತೋರಿಸಿದರೆ ಅರ್ಥಿಂಗ್ ಇಲ್ಲ ಎಂದೇ ಅರ್ಥ. ಮೇನ್ಸ್ ಲೈನಿನಲ್ಲಿ ಕೈಯಾಡಿಸಿ ರೂಢಿ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ, ಸಂಕೋಚ ಬೇಡ.

ಅರ್ಥಿಂಗ್ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿದಿರಲಿ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆಯನ್ನು ಸೋಸಲು ಎರಡು ಚಿಕ್ಕ ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ ಲೋಹದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಕವಚಕ್ಕೆ. ಕವಚ ಭೂಮಿಗೆ ಸೇರದಿದ್ದರೆ ಅದು ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳ ಹಿಂಬದಿಗೆ ಜುಮ್ ಎನ್ನುವುದು ಇದೇ. ಹರಿಯುವ ಕರೆಂಟು ತೀರಾ ಕಡಿಮೆ, ಆದರೆ ಡಿಶ್ ಕೇಬಲ್ ಸಿಕ್ಕಿಸಿದ ಟಿವಿಗೆ ಎಚ್‌ಡಿಎಂಐ ಚುಚ್ಚುವ ಆ ಒಂದು ಕ್ಷಣದಲ್ಲಿ ಪೋರ್ಟ್ ಸುಡಲು ಅಷ್ಟು ಸಾಕು. ಸಾಕೆಟ್ ಸರಿಮಾಡಿಸುವ ತನಕ ಪರೀಕ್ಷೆ ಮುಂದೂಡಿ.

ಮಾರ್ಚ್ ಕೊನೆಯಿಂದ ಮುಂಗಾರು ಹಿಡಿಯುವ ತನಕ ಮಧ್ಯಾಹ್ನದ ಮೇಲೆ ಗುಡುಗು ಶುರುವಾದರೆ ಕೆಲಸ ನಿಲ್ಲಿಸಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಎಸ್‌ಎಂಪಿಎಸ್ ಒಂದನ್ನೇ

ಬೋರ್ಡಿಗೆ ಸಿಕ್ಕಿಸುವ ಮೊದಲು ಇದನ್ನು ಪ್ರತ್ಯೇಕ ನೋಡಿ, ಏಕೆಂದರೆ ಕೆಟ್ಟ ಎಸ್‌ಎಂಪಿಎಸ್ ತಾನೊಂದೇ ಸಾಯುವುದಿಲ್ಲ.

ಪ್ಲಗ್ ಹಾಕದೆ, ಹಿಂದಿನ ಸ್ವಿಚ್ಚು ಆರಿಸಿ, 24 ಪಿನ್ನಿನ ದೊಡ್ಡ ಕನೆಕ್ಟರ್ ಕೈಗೆ ತೆಗೆದುಕೊಳ್ಳಿ. ಹಳೆಯವಲ್ಲಿ ಹಸಿರು ವೈರು ಆನ್ ಮಾಡುವ ವೈರು, ಕಪ್ಪು ಗ್ರೌಂಡ್. ಈಗಿನವುಗಳಲ್ಲಿ ವೈರೆಲ್ಲ ಕಪ್ಪೇ. ಬಣ್ಣವಿಲ್ಲದಿದ್ದರೂ ಗುರುತು ಹಿಡಿಯಲು ಒಂದು ಉಪಾಯವಿದೆ: ಎರಡು ಸಾಲಿನಲ್ಲಿ ಒಂದು ಸಾಲಿಗೆ ಮಾತ್ರ ಒಂದು ತೂತು ಖಾಲಿ ಇರುತ್ತದೆ, ಅದಕ್ಕೆ ವೈರು ಇರುವುದಿಲ್ಲ. ಆ ಖಾಲಿ ತೂತಿನ ಒಂದು ಬದಿಗೆ ನಾಲ್ಕು ಪಿನ್, ಇನ್ನೊಂದು ಬದಿಗೆ ಏಳು. ಏಳು ಇರುವ ಬದಿಗೆ ಎಣಿಸಿಕೊಂಡು ಹೋಗಿ. ಮೊದಲ ಮೂರು ಗ್ರೌಂಡ್, ನಾಲ್ಕನೆಯದು ಆನ್ ಮಾಡುವ ಪಿನ್, ಐದನೆಯದು ಮತ್ತೆ ಗ್ರೌಂಡ್. ನಾಲ್ಕನೆಯದಕ್ಕೂ ಮೂರನೆಯದಕ್ಕೂ ಪೇಪರ್ ಕ್ಲಿಪ್ಪಿನ ತಂತಿಯಿಂದ ಸೇತುವೆ ಮಾಡಿ. ಒಂದು ಕ್ಯಾಬಿನೆಟ್ ಫ್ಯಾನನ್ನೋ ಹಳೆಯ ಹಾರ್ಡ್‌ಡಿಸ್ಕನ್ನೋ ಹೊರೆಯಾಗಿ ಸಿಕ್ಕಿಸಿ. ಈಗ ಪ್ಲಗ್ ಹಾಕಿ, ಸ್ವಿಚ್ಚು ಹಾಕಿ.

ಎಸ್‌ಎಂಪಿಎಸ್‌ನದೇ ಫ್ಯಾನ್ ತಿರುಗದಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಹೊರೆ ಕಡಿಮೆ ಇದ್ದಾಗ ಫ್ಯಾನ್ ನಿಂತೇ ಇರುವ ಮಾಡೆಲ್ಲುಗಳು ಬಹಳ ಇವೆ. ಸಿಕ್ಕಿಸಿದ ಫ್ಯಾನ್ ತಿರುಗುತ್ತಿದೆಯೇ ನೋಡಿ, ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ ಅಳೆಯಿರಿ. 12 ವೋಲ್ಟಿನ ಲೈನು 11.4ರಿಂದ 12.6ರ ಒಳಗೆ, 5 ವೋಲ್ಟಿನದು 4.75ರಿಂದ 5.25ರ ಒಳಗೆ, 3.3 ವೋಲ್ಟಿನದು 3.14ರಿಂದ 3.46ರ ಒಳಗೆ ಇರಬೇಕು. ಬಣ್ಣವಿದ್ದರೆ ಹಳದಿ 12, ಕೆಂಪು 5, ಕಿತ್ತಳೆ 3.3. ನೇರಳೆ ವೈರು ಸ್ಟ್ಯಾಂಡ್‌ಬೈ, ಕ್ಲಿಪ್ ತೆಗೆದರೂ ಅದರಲ್ಲಿ 5 ವೋಲ್ಟ್ ನಿಂತಿರಬೇಕು. ಅದಿಲ್ಲದಿದ್ದರೆ ಬೋರ್ಡಿನ ಪವರ್ ಬಟನ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಇಷ್ಟರಿಂದ ತಿಳಿಯುವುದು ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಎಂಬುದು ಮಾತ್ರ. ಹೊರೆ ಬಿದ್ದಾಗ ಕುಸಿಯುತ್ತದೆಯೋ ಎಂಬುದು ಗ್ರಾಫಿಕ್ಸ್ ಕಾರ್ಡ್ ಹಂತದಲ್ಲಿ ಗೊತ್ತಾಗುತ್ತದೆ. ಯಾವ ಕಾರಣಕ್ಕೂ ಎಸ್‌ಎಂಪಿಎಸ್ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಇನ್ನೊಂದು ಮಾತು, ಬಿಡಿಸಿ ಹಾಕುವ ಕೇಬಲ್ಲಿನ ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಇನ್ನೊಂದು ಕಂಪನಿಯದು ತೂತಿಗೆ ಸರಿಯಾಗಿ ಕೂತರೂ ಒಳಗಿನ ವೈರಿನ ಕ್ರಮ ಬೇರೆ ಇರುತ್ತದೆ. ಹಾರ್ಡ್‌ಡಿಸ್ಕ್ ಸುಟ್ಟುಹೋಗುವುದು ಹೀಗೆಯೇ.

ಬೋರ್ಡು ಮತ್ತು ಪ್ರೊಸೆಸರ್

ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲಿಡಿ. ಜೊತೆಗೆ ಬಂದ ಹೊಳೆಯುವ ಬೂದು ಕವರನ್ನು ಕೆಳಗೆ ಹಾಸಬೇಡಿ, ಅದರ ಹೊರಮೈಯಲ್ಲಿ ಕರೆಂಟು ಅಲ್ಪಸ್ವಲ್ಪ ಹರಿಯಬಲ್ಲದು. ಕೈ ಹಚ್ಚುವ ಮೊದಲು ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಸಿಕೊಳ್ಳಿ: ಎಸ್‌ಎಂಪಿಎಸ್ ಪ್ಲಗ್ ಹಾಕಿ, ಗೋಡೆಯ ಸ್ವಿಚ್ಚೂ ಅದರ ಹಿಂದಿನ ಸ್ವಿಚ್ಚೂ ಆರಿಸಿ, ಅದರ ಮೈಯ ಬಣ್ಣ ಬಳಿಯದ ಸ್ಕ್ರೂ ಒಂದನ್ನು ಮುಟ್ಟಿ. ಮಳೆಗಾಲದ ತೇವದಲ್ಲಿ ಈ ಅಪಾಯ ಕಡಿಮೆ. ಜನವರಿ ಫೆಬ್ರವರಿಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಸಿಂಥೆಟಿಕ್ ಕಂಬಳಿಯ ಮೇಲೆ ಕೂತು ಕೆಲಸ ಮಾಡುವುದು ಮಾತ್ರ ಬೇಡವೇ ಬೇಡ.

ಇನ್ನು ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನುಗಳು. ಇಂಟೆಲ್‌ನ ಬೋರ್ಡುಗಳಲ್ಲೂ ಎಎಂಡಿಯ ಎಎಂ5 ಸಾಕೆಟ್ಟಿನಲ್ಲೂ ಪಿನ್ನಿರುವುದು ಬೋರ್ಡಿನಲ್ಲಿ, ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ 1700, ಎಎಂ5ರಲ್ಲಿ 1718. ಹಳೆಯ ಎಎಂ4ರಲ್ಲಿ ಪಿನ್ನು ಪ್ರೊಸೆಸರಿನ ಅಡಿಯಲ್ಲೇ. ಪ್ರೊಸೆಸರ್ ಇಡುವ ಮುಂಚೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಬೋರ್ಡಿನ ಮಟ್ಟಕ್ಕೇ ತಂದು ಓರೆಯಾಗಿ ಬೆಳಕು ಬಿಡಿ. ನಾಟಿ ಮಾಡಿದ ಗದ್ದೆಯನ್ನು ಬದುವಿನ ಮೇಲೆ ನಿಂತು ನೋಡಿದ ಹಾಗೆ ಸಾಲುಗಳು ಒಂದೇ ಕಡೆ ಬಾಗಿ ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕಿ ಕಪ್ಪಾಗಿ ಕಂಡರೆ, ಅಥವಾ ಅಕ್ಕಪಕ್ಕದವು ಹೊಳೆಯದಿದ್ದಾಗ ಅದೊಂದೇ ಮಿರುಗಿದರೆ, ಅಲ್ಲಿ ಪಿನ್ನು ಬಾಗಿದೆ. ನಾಲ್ಕೂ ಬದಿಯಿಂದ ಹೀಗೆ ನೋಡಿ, ಪ್ರತಿ ಬದಿಯಿಂದಲೂ ಫೋಟೊ ತೆಗೆದಿಡಿ. ಬಾಗಿದ ಪಿನ್ನನ್ನು ಗ್ರಾಹಕರೇ ಬಾಗಿಸಿದ್ದು ಎಂದು ವಾಪಸು ನಿರಾಕರಿಸುವುದು ಮಾಮೂಲು. ಪ್ರೊಸೆಸರ್ ಇಡುವ ಮುಂಚಿನ ಫೋಟೊ ಇದ್ದರೆ ಮಾತಾಡಲು ಆಧಾರವಿರುತ್ತದೆ. ಸಾಕೆಟ್ಟಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ, ವಾಪಸು ಕಳಿಸುವಾಗ ಅದು ಬೇಕೇ ಬೇಕು.

ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಮೆಲ್ಲಗೆ ಇಡಿ, ಒತ್ತಬೇಡಿ. ಲಿವರ್ ಇಳಿಸುವಾಗ ಇಂಟೆಲ್‌ನಲ್ಲಿ ಹೆದರಿಕೆಯಾಗುವಷ್ಟು ಬಿಗಿ ಇರುತ್ತದೆ, ಅದು ಸಹಜ. ಕೂಲರಿನ ತಳಕ್ಕೆ ಶಾಖ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿದ್ದರೆ ಬೇರೆ ಬೇಡ, ಇಲ್ಲದಿದ್ದರೆ ಬಟಾಣಿ ಕಾಳಿನಷ್ಟು. ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ನೋಡಿಕೊಳ್ಳಿ. ಇಂಟೆಲ್‌ನ ಒತ್ತುವ ಕಾಲುಗಳ ಕೂಲರನ್ನು ಎದುರುಬದುರು ಮೂಲೆಗಳ ಜೋಡಿಯಲ್ಲಿ ಒತ್ತಿ. ಒಂದೊಂದೂ ಟಕ್ ಎನ್ನಬೇಕು. ಆಮೇಲೆ ಬೋರ್ಡನ್ನು ಎತ್ತಿ ಅಡಿಯಲ್ಲಿ ನಾಲ್ಕು ಕಾಲೂ ಹೊರಬಂದಿವೆಯೇ ನೋಡಿ. ಮೂರು ಮಾತ್ರ ಕೂತಿರುವುದು ಬಹಳ ಸಾಮಾನ್ಯ. ಫ್ಯಾನಿನ ವೈರು ಸಿಪಿಯು ಫ್ಯಾನ್ ಎಂದು ಬರೆದಲ್ಲಿಗೇ. ಒಂದೇ ನಿಮಿಷಕ್ಕೆ ತಾನೇ ಎಂದು ಕೂಲರ್ ಇಲ್ಲದೆ ಬೋರ್ಡನ್ನು ಆನ್ ಮಾಡಬೇಡಿ.

ರ‍್ಯಾಮ್ ಎರಡಿದ್ದರೂ ಈಗ ಒಂದೇ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು. 24 ಪಿನ್ನಿನ ಕನೆಕ್ಟರ್ ಹಾಕಿ. ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನದನ್ನು ಬೋರ್ಡಿನ ಮೇಲ್ಮೂಲೆಯಲ್ಲಿ ಹಾಕಿ. ಅದು 4 ಮತ್ತು 4 ಆಗಿ ಸೀಳುತ್ತದೆ. 6 ಮತ್ತು 2 ಆಗಿ ಸೀಳುವುದು ಗ್ರಾಫಿಕ್ಸ್ ಕಾರ್ಡಿನದು. ಅದರಲ್ಲಿ 12 ವೋಲ್ಟೂ ಗ್ರೌಂಡೂ ಅದಲುಬದಲಾಗಿ ಇರುತ್ತವೆ, ಬಲವಂತದಿಂದ ತುರುಕಬೇಡಿ.

ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಮಾನಿಟರನ್ನು ಬೋರ್ಡಿನ ಪೋರ್ಟಿಗೆ ಕೊಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ. ಎಎಂ4ರ ರೈಜನ್‌ಗಳಲ್ಲಿ ಜಿ ಇದ್ದರೆ ಇದೆ ಎಂದು ನೆನಪಿಡಿ. ಇಲ್ಲದವರು ಪರೀಕ್ಷೆಗೆ ಯಾವುದಾದರೂ ಹಳೆಯ ಕಾರ್ಡನ್ನು ಕೇಳಿ ತಂದುಕೊಳ್ಳಬೇಕು.

ಹಚ್ಚುವುದು

ಬೋರ್ಡಿನ ಕೆಳ ಅಂಚಿನಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ಎಲ್ಲಿವೆ ಎಂದು ಅದರ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಎಸ್‌ಎಂಪಿಎಸ್ ಸ್ವಿಚ್ಚು ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಅರೆಕ್ಷಣ ಮುಟ್ಟಿಸಿ, ತೆಗೆಯಿರಿ.

ಏನೂ ಆಗದಿದ್ದರೆ ಮುಟ್ಟಿಸಿದ ಪಿನ್ ಸರಿಯೇ, 24 ಪಿನ್ನಿನದು ಕೊಂಡಿ ಬೀಳುವ ತನಕ ಕೂತಿದೆಯೇ ನೋಡಿ. ಫ್ಯಾನ್ ಒಂದು ಸುತ್ತು ಜಗ್ಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನೇ ಆರಿಸಿಕೊಂಡಿದೆ. ಬೋರ್ಡಿನ ಕೆಳಗೆ ಸ್ಕ್ರೂ ಸಿಕ್ಕಿಕೊಂಡಿದೆಯೇ, ಪಿನ್ನು ಬಾಗಿದೆಯೇ ಹುಡುಕಿ. ಹಚ್ಚಿ ಆರಿ, ಹಚ್ಚಿ ಆರಿ ಮಾಡುತ್ತಿದ್ದರೆ ಮೊದಲ ಅನುಮಾನ ರ‍್ಯಾಮಿನ ಮೇಲೆ: ಕಿತ್ತು ಮತ್ತೆ ಹಾಕಿ, ಇನ್ನೊಂದು ಸ್ಲಾಟಿನಲ್ಲಿ ಹಾಕಿ ನೋಡಿ.

ಫ್ಯಾನೆಲ್ಲ ತಿರುಗಿ ಪರದೆ ಮಾತ್ರ ಕಪ್ಪಗಿದ್ದರೆ ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿದ್ದರೆ ಅವನ್ನು ನೋಡಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ. ಒಂದೊಂದಾಗಿ ಹತ್ತಿ ಆರುತ್ತ ಹೋಗಿ ಎಲ್ಲಿ ನಿಲ್ಲುತ್ತದೋ ತೊಡಕು ಅಲ್ಲಿದೆ. ಇಲ್ಲೊಂದು ಎಚ್ಚರ: ಡಿಡಿಆರ್5 ರ‍್ಯಾಮಿನ ಬೋರ್ಡುಗಳು, ಅದರಲ್ಲೂ ಎಎಂ5, ಮೊದಲ ಸಲ ರ‍್ಯಾಮನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಡಿರ‍್ಯಾಮ್ ದೀಪ ಹತ್ತಿಯೇ ಇರುತ್ತದೆ. ಗಾಬರಿಯಿಂದ ಆರಿಸಿದರೆ ಮೊದಲಿನಿಂದ ಶುರು. ಹದಿನೈದು ನಿಮಿಷ ಮುಟ್ಟದೆ ಬಿಡಿ. ಈ ನಡುವೆ ಕರೆಂಟು ಹೋಗುವ ಸಂಭವ ಇದ್ದೇ ಇರುವುದರಿಂದ ಯುಪಿಎಸ್ ಮೂಲಕ ಹಚ್ಚುವುದು ಒಳ್ಳೆಯದು.

ಸಿಪಿಯು ದೀಪದಲ್ಲಿ ನಿಂತರೆ, ಬೋರ್ಡಿನ ಬಯೋಸ್ (ಹಚ್ಚಿದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹಳೆಯದಾಗಿದ್ದು ಹೊಸ ಪ್ರೊಸೆಸರನ್ನು ಗುರುತಿಸದೆ ಇರಬಹುದು. ಬಯೋಸ್ ಫ್ಲ್ಯಾಶ್ ಬಟನ್ ಇರುವ ಬೋರ್ಡಾದರೆ ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಕಂಪನಿಯ ಫೈಲನ್ನು ಪುಸ್ತಕದಲ್ಲಿ ಹೇಳಿದ ಹೆಸರಿಗೆ ಬದಲಿಸಿ ಹಾಕಿ, ಗುರುತಿರುವ ಪೋರ್ಟಿಗೆ ಸಿಕ್ಕಿಸಿ, ಬಟನ್ ಕೆಲವು ಸೆಕೆಂಡು ಒತ್ತಿ. ದೀಪ ಮಿಣುಕುವುದು ನಿಲ್ಲುವ ತನಕ ಮುಟ್ಟಬೇಡಿ. ಈ ಕೆಲಸ ಯುಪಿಎಸ್ ಇಲ್ಲದೆ ಮಾಡಲೇಬೇಡಿ. ಆಗುಂಬೆಯ ಕಡೆಯ ಮಳೆ ದಿನದಲ್ಲಂತೂ ಯೋಚಿಸಲೂ ಬೇಡಿ. ಅರ್ಧ ಬರೆದ ಬಯೋಸ್ ಇರುವ ಬೋರ್ಡು ಹಚ್ಚಿಕೊಳ್ಳುವುದೇ ಇಲ್ಲ.

ವಿಜಿಎ ದೀಪವಾದರೆ ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಬೂಟ್ ದೀಪ ಚಿಂತೆಯದಲ್ಲ, ಡಿಸ್ಕ್ ಇನ್ನೂ ಹಾಕಿಲ್ಲವಲ್ಲ.

ಬಯೋಸ್ ಪರದೆ ಬಂದ ಮೇಲೆ ಪ್ರೊಸೆಸರಿನ ಹೆಸರು, ರ‍್ಯಾಮಿನ ಗಾತ್ರ ಓದಿ. ಕಾಲು ಗಂಟೆ ಹಾಗೇ ಬಿಡಿ. ಉಷ್ಣತೆ 35ರಿಂದ 50 ಡಿಗ್ರಿಯಲ್ಲಿ ನಿಲ್ಲಬೇಕು. ಸುಮ್ಮನಿದ್ದಾಗಲೇ 70 ದಾಟಿ ಏರುತ್ತಿದ್ದರೆ ಕೂಲರಿನ ಕಾಲೊಂದು ಕೂತಿಲ್ಲ, ಅಥವಾ ಆ ಪ್ಲಾಸ್ಟಿಕ್ ಹಾಳೆ ಅಲ್ಲೇ ಇದೆ.

ರ‍್ಯಾಮ್

ಪರದೆ ಬಂತು, ರ‍್ಯಾಮ್ ಸರಿ ಇದೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಒಂದೆರಡು ಬಿಟ್ ಕೆಟ್ಟ ರ‍್ಯಾಮ್ ತಿಂಗಳುಗಟ್ಟಲೆ ಓಡುತ್ತದೆ, ನಡುನಡುವೆ ನೀಲಿ ಪರದೆ ಬರುತ್ತದೆ, ಫೈಲುಗಳು ಸದ್ದಿಲ್ಲದೆ ಹಾಳಾಗುತ್ತವೆ. ಮನೆಯ ಫೋಟೊಗಳು ಹೀಗೆ ಹೋದರೆ ಮತ್ತೆ ಸಿಗುವುದಿಲ್ಲ. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ಬೂಟ್ ಆಗದಿದ್ದರೆ ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆರಿಸಿ. ಒಂದೊಂದು ರ‍್ಯಾಮನ್ನು ಪ್ರತ್ಯೇಕ, ಆಮೇಲೆ ಎರಡನ್ನೂ ಸೇರಿಸಿ, ನಾಲ್ಕು ಸುತ್ತು ಓಡಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಒಂದೇ ಒಂದು ತಪ್ಪು ಬಂದರೂ ಅದು ಪಾಸಲ್ಲ.

ಮೊದಲು ಬಯೋಸಿನ ಮಾಮೂಲು ವೇಗದಲ್ಲಿ, ಆಮೇಲೆ ಹೆಚ್ಚಿನ ವೇಗದ ಸೆಟ್ಟಿಂಗಾದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಹಾಕಿ ಮತ್ತೊಮ್ಮೆ. ಮಾಮೂಲು ವೇಗದಲ್ಲೇ ತಪ್ಪು ಬಂದು, ಸ್ಲಾಟ್ ಬದಲಿಸಿದರೂ ಅದೇ ರ‍್ಯಾಮಿನಲ್ಲಿ ಬಂದರೆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ಬಂದರೆ ಬೋರ್ಡನ್ನು, ಸಾಕೆಟ್ ಪಿನ್ನನ್ನು ನೋಡಬೇಕು. ಹೆಚ್ಚಿನ ವೇಗದಲ್ಲಿ ಮಾತ್ರ ಬಂದರೆ ಒಂದು ಮೆಟ್ಟಿಲು ವೇಗ ಇಳಿಸಿ, ಇಲ್ಲವೇ ಬೋರ್ಡಿನ ಕಂಪನಿ ಕೊಟ್ಟ, ಹೊಂದುವ ಭಾಗಗಳ ಪಟ್ಟಿಯಲ್ಲಿ ಆ ರ‍್ಯಾಮ್ ಇದೆಯೇ ನೋಡಿ ಬದಲಿಸಿಕೊಳ್ಳಿ.

ಡಿಸ್ಕು

ಲಿನಕ್ಸ್‌ನ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಏನೂ ಇನ್‌ಸ್ಟಾಲ್ ಮಾಡದೆ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕು ತನ್ನ ಸ್ಥಿತಿಯ ಬಗ್ಗೆ ತಾನೇ ಇಟ್ಟ ಲೆಕ್ಕ, ಓದಬಹುದು. ಹೊಸದೆಂದು ಕೊಂಡ ಡಿಸ್ಕು ಓಡಿದ ಗಂಟೆಗಳು ಒಂದಂಕಿಯಲ್ಲಿರಬೇಕು. ನೂರಾರು ಗಂಟೆ ತೋರಿಸಿದರೆ ಅದು ಯಾರೋ ಬಳಸಿದ್ದು, ಕೂಡಲೇ ವಾಪಸು ಮಾಡಿ. ಹಾರ್ಡ್‌ಡಿಸ್ಕಿನಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. 199 ಏರುತ್ತಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದು ಡಿಸ್ಕಲ್ಲ, ಸಾಟಾ ಕೇಬಲ್ಲು. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಬಳಕೆಯ ಶೇಕಡಾವಾರು ಮತ್ತು ಮೀಡಿಯಾ ತಪ್ಪುಗಳು ಎರಡೂ ಸೊನ್ನೆ ಇರಬೇಕು.

ಗ್ರಾಫಿಕ್ಸ್ ಕಾರ್ಡು

ಕಾರ್ಡಿನ ಲೋಹದ ಪಟ್ಟಿ ಬೋರ್ಡಿಗಿಂತ ಕೆಳಗೆ ಇಳಿಯುತ್ತದೆ. ಬೋರ್ಡನ್ನು ಡಬ್ಬದ ನಡುವೆ ಇಟ್ಟಿದ್ದರೆ ಆ ಪಟ್ಟಿ ರಟ್ಟಿಗೆ ತಾಗಿ ಕಾರ್ಡು ಓರೆಯಾಗಿ ಕೂರುತ್ತದೆ, ಓರೆ ಕಾರ್ಡು ಸ್ಲಾಟನ್ನು ಹಾಳುಮಾಡುತ್ತದೆ. ಪೋರ್ಟುಗಳಿರುವ ಬದಿಯನ್ನು ಡಬ್ಬದ ಅಂಚಿಗೆ ಸರಿಸಿ, ಪಟ್ಟಿ ಹೊರಗೆ ಜೋತಾಡಲಿ. ಮಾನಿಟರ್ ಕೇಬಲ್ ಎಳೆದರೆ ಎಲ್ಲ ಉರುಳುತ್ತದೆ, ಕೇಬಲ್ಲಿನ ಭಾರವನ್ನು ಒಂದು ಪುಸ್ತಕದ ಮೇಲೆ ಇಳಿಸಿ.

ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವಾಟ್ ಮಾತ್ರ. ಆರು ಪಿನ್ನಿನ ಕೇಬಲ್ 75, ಎಂಟು ಪಿನ್ನಿನದು 150 ವಾಟ್ ಕೊಡುತ್ತದೆ. ಎರಡು ಎಂಟು ಪಿನ್ನಿನ ಕಾರ್ಡಿಗೆ ಎರಡು ಪ್ರತ್ಯೇಕ ಕೇಬಲ್ ಕೊಡಿ. ಹೊಸ 16 ಪಿನ್ನಿನದಾದರೆ ಸಂದು ಕಾಣದಂತೆ ಪೂರ್ತಿ ಒತ್ತಿ, ಅರೆಬರೆ ಕೂತರೆ ಕರಗುತ್ತದೆ. ವಿಂಡೋಸ್ ಹಾಕಿ ಡ್ರೈವರ್ ಕೂರಿಸಿ, ಯಾವುದಾದರೂ ಹೊರೆಯ ಪರೀಕ್ಷೆಯನ್ನು ಇಪ್ಪತ್ತು ಮೂವತ್ತು ನಿಮಿಷ ಓಡಿಸಿ, ಎದುರೇ ಕೂತು ನೋಡಿ. ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಬಂದರೆ ಕಾರ್ಡಿನ ಮೆಮೊರಿ ಕೆಟ್ಟಿರಬಹುದು. ಪಿಸಿ ಥಟ್ಟನೆ ಆರಿಹೋದರೆ ಮತ್ತೆ ಎಸ್‌ಎಂಪಿಎಸ್ ಕಡೆ ತಿರುಗಿ. ಹೊರೆ ಬಿದ್ದಾಗ 12 ವೋಲ್ಟಿನ ಲೈನು 11.4ಕ್ಕಿಂತ ಕೆಳಗೆ ಹೋಗುತ್ತಿದೆಯೇ ಅಳೆಯಿರಿ. ಯುಪಿಎಸ್ ಮೇಲೆ ಈ ಪರೀಕ್ಷೆ ಬೇಡ, 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟನ್ನಷ್ಟೇ ಹೊರುತ್ತದೆ.

ಕ್ಯಾಬಿನೆಟ್ಟಿಗೆ ಹೋದ ಮೇಲೆ

ಹಳೆಯ ಕ್ಯಾಬಿನೆಟ್ ಬಳಸುವುದಾದರೆ ಮೊದಲು ಜಾಲರಿ, ಯುಎಸ್‌ಬಿ ಪೋರ್ಟುಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಲು ಇಂಥ ಸಂದನ್ನೇ ಹುಡುಕುತ್ತದೆ. ಬೋರ್ಡಿನಲ್ಲಿ ಎಷ್ಟು ಸ್ಕ್ರೂ ತೂತು ಇವೆಯೋ ಹಿತ್ತಾಳೆಯ ಗೂಟಗಳು ಅಷ್ಟೇ ಇರಬೇಕು, ಅದೇ ಜಾಗದಲ್ಲಿರಬೇಕು. ಒಂದು ಹೆಚ್ಚಿದ್ದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತದೆ. ಬೋರ್ಡನ್ನು ಸ್ಕ್ರೂ ಮಾಡಿದ ಕೂಡಲೇ, ವೈರುಗಳನ್ನು ಕಟ್ಟುವ ಮುಂಚೆ, ಮತ್ತೊಮ್ಮೆ ಹಚ್ಚಿ. ರಟ್ಟಿನ ಮೇಲೆ ಓಡಿದ್ದು ಇಲ್ಲಿ ಓಡದಿದ್ದರೆ ಭಾಗಗಳ ಮೇಲೆ ಅನುಮಾನ ಬೇಡ, ಮೂರನ್ನು ಮಾತ್ರ ನೋಡಿ: ಹೆಚ್ಚುವರಿ ಗೂಟ, ಮುಂದಿನ ಪವರ್ ಬಟನ್ನಿನ ವೈರು, ಮುಂದಿನ ಯುಎಸ್‌ಬಿಯ ಬಾಗಿದ ಪಿನ್ನು. ಪವರ್ ಬಟನ್ನಿನ ವೈರು ಕಿತ್ತು ಮೊದಲಿನ ಹಾಗೆ ಸ್ಕ್ರೂಡ್ರೈವರಿನಿಂದ ಮುಟ್ಟಿಸಿದಾಗ ಹೊತ್ತಿಕೊಂಡರೆ ಕೆಟ್ಟಿರುವುದು ಕ್ಯಾಬಿನೆಟ್ಟಿನ ಬಟನ್ ಅಷ್ಟೇ. ರೀಸೆಟ್ ಬಟನ್ನಿನ ವೈರನ್ನು ಆ ಜಾಗಕ್ಕೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ.